ಹೊಸ ಕಾರ್ಟ್ರಿಡ್ಜ್ ಆಮೇಲೆ, ಮೊದಲು ಟೋನ್‌ಆರ್ಮ್ ನೋಡಿ

ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡಿರುವ ಗೆಳೆಯರಿಗೆಲ್ಲ ನನ್ನದೊಂದು ಮಾತು. ಹೊಸ ಕಾರ್ಟ್ರಿಡ್ಜ್ (ಮುಳ್ಳು ಕೂತಿರುವ ಪುಟ್ಟ ಡಬ್ಬಿ), ಹೊಸ ಆಂಪ್, ದುಬಾರಿ ಕೇಬಲ್ ಎಲ್ಲ ಆಮೇಲೆ. ಮೊದಲು ಟೋನ್‌ಆರ್ಮ್, ಅಂದರೆ ಮುಳ್ಳನ್ನು ಹಿಡಿದು ರೆಕಾರ್ಡ್ ಮೇಲೆ ಸಾಗುವ ತೋಳು, ಅದನ್ನು ಸೆಟ್ ಮಾಡಿ. ಒಂದು ಪುಟ್ಟ ಸ್ಕ್ರೂಡ್ರೈವರ್, ಕಾಗದದ ಪ್ರೊಟ್ರಾಕ್ಟರ್ (ಮುಳ್ಳು ನೇರ ಇದೆಯಾ ನೋಡುವ ಅಳತೆ ಹಾಳೆ), ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಸ್ವರ ಸುಧಾರಿಸುತ್ತದೆ ಅನ್ನುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ರೆಕಾರ್ಡ್ ಉಳಿಯುತ್ತದೆ. ನಮ್ಮ ಮನೆಗಳಲ್ಲಿರುವ ಕನ್ನಡ ಸಿನಿಮಾ ಹಾಡಿನ ಇಪಿಗಳು, ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಎಲ್‌ಪಿಗಳು ಎಂದೋ ಅಚ್ಚಾದವು. ಹಾಳಾದರೆ ಅಂಗಡಿಗೆ ಹೋಗಿ ಇನ್ನೊಂದು ತರೋಣ ಅನ್ನುವ ಹಾಗಿಲ್ಲ.

"ಅಂಗಡಿಯವರೇ ಸೆಟ್ ಮಾಡಿ ಕೊಟ್ಟಿದ್ದಾರಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ನಾನು ನೋಡಿದ ಪ್ಲೇಯರ್‌ಗಳಲ್ಲಿ ಹೆಚ್ಚಿನವಕ್ಕೆ ಯಾರೂ ಏನೂ ಮಾಡಿರಲಿಲ್ಲ. ಎರಡು ಸ್ಕ್ರೂ ಬಿಗಿದು, ಹಾಡು ಬರುತ್ತದಾ ಅಂತ ನೋಡಿ ಕಳಿಸಿರುತ್ತಾರೆ ಅಷ್ಟೇ.

ತೊಂದರೆಯ ಮೂಲ ಇಷ್ಟು. ಮೂಲ ಡಿಸ್ಕ್ ಕೊರೆಯುವ ಯಂತ್ರದಲ್ಲಿ ಕೊರೆಯುವ ತಲೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಟೋನ್‌ಆರ್ಮ್ ಒಂದು ಕಡೆ ಕೀಲು ಹಾಕಿಕೊಂಡು ಕಮಾನಿನಂತೆ ತಿರುಗುತ್ತದೆ. ಹಾಗಾಗಿ ಮುಳ್ಳು ಎಲ್ಲ ಕಡೆಯೂ ಗ್ರೂವ್‌ಗೆ (ರೆಕಾರ್ಡ್ ಮೇಲಿನ ಗೀರಿಗೆ) ನೇರವಾಗಿ ಇರಲು ಸಾಧ್ಯವೇ ಇಲ್ಲ. 1924ರಲ್ಲೇ ಇಂಗ್ಲೆಂಡಿನ ಪರ್ಸಿ ವಿಲ್ಸನ್ ಈ ಲೆಕ್ಕ ಹಾಕಿ ತೋರಿಸಿದರು. 1938ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಅದನ್ನು ಇನ್ನೂ ತಿದ್ದಿದರು. ಆರ್ಮ್ ತುದಿಗೆ ಒಂದಿಷ್ಟು ಓರೆ ಕೊಟ್ಟು, ಮುಳ್ಳನ್ನು ನಡುಗೂಟದಿಂದ ಸ್ವಲ್ಪ ಆಚೆಗೆ ಚಾಚಿದರೆ, ಎರಡು ಜಾಗದಲ್ಲಿ ಪೂರ್ತಿ ನೇರವಾಗುತ್ತದೆ. ಉಳಿದ ಕಡೆ ತಪ್ಪು ತೀರಾ ಕಮ್ಮಿ ಆಗುತ್ತದೆ. ಇವತ್ತು ಜಾಸ್ತಿ ಬಳಸುವ ಲೆಕ್ಕದಲ್ಲಿ ಆ ಎರಡು ಜಾಗ ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿವೆ.

ಇದು ನಮ್ಮ ಸಂಗೀತಕ್ಕೆ ಯಾಕೆ ಮುಖ್ಯ ಅಂದರೆ, ಎಲ್‌ಪಿ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಓಡುತ್ತದೆ. ಲೇಬಲ್ ಹತ್ತಿರ ಬರುವಾಗ ಅದು 21ಕ್ಕೆ ಇಳಿಯುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ಹಿಂದೂಸ್ತಾನಿ ಖಯಾಲ್ ಇರುವ ಬದಿ ತೆಗೆದುಕೊಳ್ಳಿ. ವಿಲಂಬಿತ್ ಹೊರಗೆ, ನಿಧಾನಕ್ಕೆ. ವೇಗದ ದ್ರುತ್ ಶುರುವಾಗಿ ತಾನ್‌ಗಳು (ಸ್ವರಗಳ ಬಿರುಸಿನ ಓಟ) ಸುರಿಯುವುದು ಲೇಬಲ್ ಪಕ್ಕದಲ್ಲಿ. ಅಂದರೆ ಮುಳ್ಳಿಗೆ ಅತಿ ಕಷ್ಟದ ಜಾಗದಲ್ಲೇ ಗಾಯಕರು ಅತಿ ವೇಗವಾಗಿ ಹಾಡುತ್ತಾರೆ. ಅಲ್ಲಿ ಸ್ವರ ಒಡೆದರೆ, 'ಸ' 'ಶ'ಗಳು ಸೀಳಿದ ಹಾಗೆ ಕೇಳಿದರೆ, "ಹಳೇ ರೆಕಾರ್ಡ್, ಹಾಗೇ ಇರೋದು" ಅಂತ ಸುಮ್ನೆ ಬಿಡಬೇಡಿ. ಮೊದಲು ಜೋಡಣೆ ನೋಡಿ.

ಪ್ರೊಟ್ರಾಕ್ಟರ್ ಪ್ರಿಂಟ್ ಮಾಡುವಾಗ ಅಳತೆ 100% ಇರಲಿ, ಸ್ಟೀಲ್ ಸ್ಕೇಲ್ ಇಟ್ಟು ಪರೀಕ್ಷಿಸಿ. ಆ ಎರಡು ಜಾಗಕ್ಕೆ ಹಾಳೆಯಲ್ಲಿ ಹಾಕಿದ ಚುಕ್ಕಿಗಳ ಮೇಲೆ ಮುಳ್ಳನ್ನು ಒಂದೊಂದಾಗಿ ಇಳಿಸಿ, ಮುಳ್ಳು ಹಿಡಿದಿರುವ ಸಣ್ಣ ಕಡ್ಡಿ ಗೆರೆಗಳ ಜೊತೆ ಒಂದೇ ಸಾಲಿನಲ್ಲಿದೆಯಾ ನೋಡಿ. ಕಾರ್ಟ್ರಿಡ್ಜ್ ಮೈ ನೋಡಬೇಡಿ, ಕಡ್ಡಿಯನ್ನೇ ನೋಡಿ. ಒಂದು ಚುಕ್ಕಿಯಲ್ಲಿ ಸರಿ, ಇನ್ನೊಂದರಲ್ಲಿ ಓರೆ ಅಂದರೆ ಕಾರ್ಟ್ರಿಡ್ಜ್ ಮುಂದಕ್ಕೋ ಹಿಂದಕ್ಕೋ ಕೂದಲೆಳೆಯಷ್ಟು ಸರಿಯಬೇಕು. ತಾಳ್ಮೆ ಬೇಕು. ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರ್ ಇರುವವರಿಗೆ ಕೆಲಸ ಸುಲಭ: ಹೆಡ್‌ಶೆಲ್ (ಆರ್ಮ್ ತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಭಾಗ) ಹಿಂಬದಿಯ ವಾಷರ್‌ನಿಂದ ಮುಳ್ಳಿನ ತುದಿಗೆ 52 ಮಿಲಿಮೀಟರ್ ಅಂತ ಕಂಪನಿಯೇ ಹೇಳಿದೆ.

ಈಗ ತೂಕ. ನನಗೆ ತುಂಬಾ ಹೇಳಬೇಕಿರುವುದು ಇದನ್ನೇ. ಮುಳ್ಳಿನ ಭಾರ ಕಮ್ಮಿ ಮಾಡಿದಷ್ಟೂ ರೆಕಾರ್ಡ್ ಸವೆಯುವುದಿಲ್ಲ ಅನ್ನುವ ನಂಬಿಕೆ ಪೂರಾ ತಪ್ಪು. ಭಾರ ಸಾಲದಿದ್ದರೆ ಜೋರು ಸ್ವರ ಬಂದಾಗ ಮುಳ್ಳು ಗ್ರೂವ್ ಗೋಡೆ ಬಿಟ್ಟು ಹಾರುತ್ತದೆ, ಮತ್ತೆ ಬಂದು ಬಡಿಯುತ್ತದೆ. ವಜ್ರದ ತುದಿ ಅದು. ಪ್ಲಾಸ್ಟಿಕ್ ಗೋಡೆಯಲ್ಲಿ ಬಿದ್ದ ಆ ಏಟು ಯಾವ ಕ್ಲೀನಿಂಗ್‌ನಿಂದಲೂ ಹೋಗುವುದಿಲ್ಲ. ಕಂಪನಿ ಹೇಳಿದ ಮಿತಿಯೊಳಗೆ, ಕೆಳಗಿನ ಅಂಕಿಗಿಂತ ಮೇಲಿನ ಅಂಕಿಯ ಕಡೆಗೇ ಇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್‌ಗೆ 1.8ರಿಂದ 2.2 ಗ್ರಾಂ ಮಿತಿ. ಆರ್ಟೋಫೋನ್ 2ಎಂ ರೆಡ್‌ಗೆ 1.8 ಗ್ರಾಂ ಸಾಕು. ಡೆನಾನ್ ಡಿಎಲ್-103ಗೆ 2.5 ಗ್ರಾಂ ಬೇಕೇ ಬೇಕು.

ಇಡುವ ಕ್ರಮ ಹೀಗೆ. ಆಂಟಿಸ್ಕೇಟಿಂಗ್ (ಆರ್ಮ್‌ಗೆ ಹೊರಗಡೆಗೆ ಎಳೆತ ಕೊಡುವ ಹೊಂದಾಣಿಕೆ, ಮುಂದೆ ಹೇಳುತ್ತೇನೆ) ಸೊನ್ನೆಗೆ ತನ್ನಿ. ಹಿಂದಿನ ಕೌಂಟರ್‌ವೇಟ್ (ಆರ್ಮ್ ಹಿಂತುದಿಯ ಭಾರದ ಗುಂಡು) ತಿರುಗಿಸುತ್ತಾ, ಆರ್ಮ್ ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ಮಟ್ಟವಾಗಿ ನಿಲ್ಲುವಂತೆ ಮಾಡಿ. ಆಮೇಲೆ ವೇಟ್ ಅಲುಗದಂತೆ ಹಿಡಿದು, ಮುಂದಿನ ಅಂಕಿ ಬಳೆಯನ್ನು ಮಾತ್ರ ಸೊನ್ನೆಗೆ ತಿರುಗಿಸಿ. ಕೊನೆಗೆ ವೇಟನ್ನೇ ತಿರುಗಿಸಿ, ಬಳೆ ಅದರ ಜೊತೆ ತಿರುಗುತ್ತದೆ, ಬೇಕಾದ ಅಂಕಿಗೆ ನಿಲ್ಲಿಸಿ. ಬರೀ ಬಳೆ ತಿರುಗಿಸಿ '2' ಕಂಡಿತು ಅಂದುಕೊಂಡರೆ ಭಾರ ಒಂದಿಷ್ಟೂ ಬದಲಾಗಿರುವುದಿಲ್ಲ. ಬಳೆಯ ಅಂಕಿಯನ್ನು ಪೂರ್ತಿ ನಂಬಬೇಡಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಈಗ ಅಗ್ಗಕ್ಕೆ ಸಿಗುತ್ತದೆ.

ಹೆಡ್‌ಶೆಲ್ ಮೇಲೆ ನಾಣ್ಯ ಇಡುವ ಅಭ್ಯಾಸ ಇನ್ನೂ ಇದೆ. ಹಳೇ ಪೋರ್ಟಬಲ್ ಪ್ಲೇಯರ್ ಕಾಲದಿಂದ ಬಂದದ್ದು. ಒಂದು ರೂಪಾಯಿ ನಾಣ್ಯ 3 ಗ್ರಾಂಗಿಂತ ಜಾಸ್ತಿ ತೂಗುತ್ತದೆ. 2 ಗ್ರಾಂ ಬೇಕಾದ ಮುಳ್ಳಿನ ಮೇಲೆ 5 ಗ್ರಾಂ! ಮುಳ್ಳು ರೆಕಾರ್ಡ್ ಮೇಲೆ ಹಾರುತ್ತಿದ್ದರೆ ಕಾರಣ ಧೂಳಿರಬಹುದು, ಪ್ಲೇಯರ್ ಮಟ್ಟವಾಗಿಲ್ಲದಿರಬಹುದು, ಆರ್ಮ್ ಬೇರಿಂಗ್ ಹಿಡಿದುಕೊಂಡಿರಬಹುದು. ನಾಣ್ಯ ಇದರಲ್ಲಿ ಯಾವುದನ್ನೂ ಸರಿಮಾಡುವುದಿಲ್ಲ.

ಆಂಟಿಸ್ಕೇಟಿಂಗ್ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುವುದು ಬೇಡ. ತುದಿ ಓರೆ ಇರುವುದರಿಂದ ಆರ್ಮ್ ಒಳಗಡೆಗೆ ಎಳೆಯುತ್ತದೆ. ಅದಕ್ಕೆ ಎದುರಾಗಿ ಹೊರಗಡೆಗೆ ಸಣ್ಣ ಎಳೆತ ಕೊಡಬೇಕು, ಅಷ್ಟೇ. ಭಾರದ ಅಂಕಿಯನ್ನೇ ಇಲ್ಲೂ ಇಟ್ಟು ಶುರುಮಾಡಿ. ಜೋರು ಜಾಗದಲ್ಲಿ ಬಲಗಡೆ ಸ್ಪೀಕರ್ ಮಾತ್ರ ಒಡೆದರೆ ಸ್ವಲ್ಪ ಹೆಚ್ಚಿಸಿ, ಎಡಗಡೆ ಆದರೆ ಇಳಿಸಿ. ಆರ್ಮ್ ಎತ್ತರದ ವಿಷಯದಲ್ಲೂ ಹಾಗೇ: ಹಾಡುವಾಗ ಆರ್ಮ್ ರೆಕಾರ್ಡಿಗೆ ಸಮಾನಾಂತರವಾಗಿದ್ದರೆ ಸಾಕು. ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಕೋನ ಬದಲಾಗುವುದು ಕಾಲು ಡಿಗ್ರಿ. ಮುಂದಿನಿಂದ ನೋಡಿದಾಗ ಮುಳ್ಳು ಎಡಬಲ ವಾಲಬಾರದು. ತೆಳು ಕನ್ನಡಿ ತುಂಡಿನ ಮೇಲೆ ಮುಳ್ಳು ಇಳಿಸಿದರೆ, ಅದೂ ಅದರ ಬಿಂಬವೂ ಒಂದೇ ನೇರ ಗೆರೆಯಾಗಿ ಕಾಣಬೇಕು.

ನಿರ್ವಹಣೆ ಅಂದರೆ ದೊಡ್ಡ ಕೆಲಸವೇನಲ್ಲ. ಪ್ರತಿ ಬದಿ ಹಾಕುವ ಮುಂಚೆ ಮುಳ್ಳನ್ನು ಮೆತ್ತನೆಯ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಿ. ಬೆರಳು ತಾಗಿಸಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಹೆಡ್‌ಶೆಲ್ ಪಿನ್‌ಗಳು ಕಪ್ಪಾಗುತ್ತವೆ, ಒಂದು ಸ್ಪೀಕರ್ ಬಿಟ್ಟುಬಿಟ್ಟು ಬರುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಆಯಿತು. ಕಾರ್ಟ್ರಿಡ್ಜ್ ತಂತಿ ಬಿಚ್ಚಿದರೆ ನೆನಪಿರಲಿ: ಬಿಳಿ, ನೀಲಿ ಎಡಕ್ಕೆ, ಕೆಂಪು, ಹಸಿರು ಬಲಕ್ಕೆ. ಆರ್ಮ್ ಬೇರಿಂಗ್‌ಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ, ಕೊಬ್ಬರಿ ಎಣ್ಣೆಯನ್ನಾಗಲಿ ಬಿಡಲೇಬೇಡಿ. ಧೂಳು ಅಂಟಿ, ಗಟ್ಟಿಯಾಗಿ, ಆರ್ಮ್ ಸಲೀಸಾಗಿ ತಿರುಗುವುದೇ ನಿಂತುಹೋಗುತ್ತದೆ.

ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಕೊಳ್ಳುವವರು ಹೊಳಪು ನೋಡಿ ಮರುಳಾಗಬೇಡಿ. ಹೆಡ್‌ಶೆಲ್ ಅನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ. ಸಡಿಲವಾದ ಬಾಗಿಲಿನ ಕೀಲಿನ ಹಾಗೆ 'ಟಕ್' ಅಂದರೆ ಬೇರಿಂಗ್ ಹೋಗಿದೆ. ಆಮೇಲೆ ಆರ್ಮ್ ಗಾಳಿಯಲ್ಲಿ ಮಟ್ಟವಾಗಿ ನಿಲ್ಲಿಸಿ ಮೆಲ್ಲಗೆ ಊದಿ. ಅಂಚಿನಿಂದ ನಡುವಿನವರೆಗೆ ಎಲ್ಲೂ ತಡೆಯದೆ ತೇಲಬೇಕು. ಹಿಂದಿನ ಕೌಂಟರ್‌ವೇಟ್ ಜೋತುಬಿದ್ದಿದ್ದರೆ ಒಳಗಿನ ರಬ್ಬರ್ ಸತ್ತಿದೆ ಅಂತ ಅರ್ಥ, ಅದನ್ನು ಬದಲಿಸಬಹುದು, ಅದಕ್ಕೆ ತಕ್ಕ ಹಾಗೆ ಬೆಲೆ ಇಳಿಸಿ ಕೇಳಿ. ಬೇರಿಂಗ್ 'ಟಕ್' ಅನ್ನುತ್ತಿದ್ದರೆ ಮಾತ್ರ ಅರ್ಧ ಬೆಲೆಗೆ ಕೊಟ್ಟರೂ ತಗೊಳ್ಳಬೇಡಿ.