ಸಿಲಿಂಡರಿಗೊಂದು ಶಾಲು

ಅಕ್ಕನ ಮಗ ಬೆಂಗಳೂರಿನಲ್ಲಿ ಒಂದು ಕಟ್ಟಡದ ನೆತ್ತಿಯ ಮೇಲೆ ಹೋಟೆಲ್ ತೆರೆದು, ಎರಡೇ ವರ್ಷಕ್ಕೆ ಕೆಳಗಿಳಿದು ಬಂದ. ಸಾಲ ಕೊಟ್ಟವರು ಕುರ್ಚಿ ಮೇಜು ಒಯ್ದರು, ಅಡುಗೆಯವರು ಪಾತ್ರೆ ಒಯ್ದರು. ಯಾರೂ ಮುಟ್ಟದೆ ಉಳಿದ ಒಂದೇ ವಸ್ತುವನ್ನು ಅವನು ಬೆಳಗಾವಿಯ ತಿಲಕವಾಡಿಯಲ್ಲಿರುವ ಸೋದರಮಾವನ ಹೆಸರಿಗೆ ರಾತ್ರಿ ಬಸ್ಸಿಗೆ ಹಾಕಿದ. "ಮಾಮಾ, ನಿಮ್ಮೂರಿನ ಚಳಿಗೆ ಹೇಳಿ ಮಾಡಿಸಿದ್ದು" ಎಂದು ಫೋನಿನಲ್ಲಿ ಹೇಳಿದಾಗ ಆ ಸೋದರಮಾವ, ಅಂದರೆ ನಾನು, ಒಳ್ಳೆಯ ಕಂಬಳಿ ಇರಬೇಕೆಂದು ಭಾವಿಸಿದ್ದೆ.

ಬಸ್ಸಿನ ಹೊಟ್ಟೆಯಿಂದ ಮೂರು ತುಂಡಾಗಿ ಇಳಿದದ್ದು ಗ್ಯಾಸ್ ಹೀಟರ್. ದೊಡ್ಡ ಹೋಟೆಲುಗಳ ಅಂಗಳದಲ್ಲಿ, ಹುಲ್ಲುಹಾಸಿನ ಮದುವೆಗಳಲ್ಲಿ ನಿಲ್ಲಿಸುತ್ತಾರಲ್ಲ, ಆ ಜಾತಿಯದು. ಗಚ್ಚಿಯ ಮೇಲೆ ಜೋಡಿಸಿ ನಿಲ್ಲಿಸಿದಾಗ ಏಳು ಅಡಿಯ ಉಕ್ಕಿನ ಅಣಬೆಯಾಯಿತು. ಬುಡದಲ್ಲಿ ಸಿಲಿಂಡರ್ ಕೂರುವ ಡಬ್ಬಿ, ಅದರ ಮೇಲೆ ಕಂಬ, ಕಂಬದ ತುದಿಗೆ ಜಾಲರಿಯ ಬುರುಡೆ, ಬುರುಡೆಗೆ ಅಲ್ಯೂಮಿನಿಯಂ ಛತ್ರಿ. ಬಲಗಡೆಯ ಮನೆಯವರು ಅದನ್ನು ಮೊಬೈಲ್ ಟವರ್ ಎಂದುಕೊಂಡು ತಿಂಗಳಿಗೆ ಬಾಡಿಗೆ ಎಷ್ಟು ಬರುತ್ತದೆ ಎಂದು ವಿಚಾರಿಸಿದರು.

ಜೊತೆಗೆ ಬಂದಿದ್ದ ಸೂಚನೆಗಳ ಪುಸ್ತಿಕೆಯನ್ನು ನಾನು ಪಕ್ಕಕ್ಕಿಟ್ಟೆ, ಹೆಂಡತಿ ಓದಿದಳು. ಸುತ್ತಲೂ ಮೇಲೂ ಕನಿಷ್ಠ ಒಂದು ಮೀಟರ್ ಜಾಗ ಬಿಡಬೇಕು. ಬಟ್ಟೆ ಸೋಂಕಬಾರದು. ಮನೆಯೊಳಗೆ ತರಬಾರದು. ವಾಲಿಸಿದರೆ ತಾನಾಗಿಯೇ ಆರಿಹೋಗುತ್ತದೆ. ಅವಳು ಪುಸ್ತಿಕೆ ಮುಚ್ಚಿ, "ಅಲ್ಲರೀ, ಇದು ನಿಮ್ಮ ಅತ್ಯಾ!" ಎಂದಳು. ನಮ್ಮ ತಂದೆಯ ಅಕ್ಕ ಮಡಿಯಲ್ಲಿದ್ದಾಗ ಸುತ್ತ ಮೂರು ಅಡಿಯೊಳಗೆ ಯಾರೂ ಸುಳಿಯುವಂತಿರಲಿಲ್ಲ. ಒಣಹಾಕಿದ ಬಟ್ಟೆಯ ಸೆರಗು ತಾಗಿದರೂ ಮತ್ತೆ ಸ್ನಾನ. ತಾಟು ಸ್ವಲ್ಪ ಸೊಟ್ಟಗಿದ್ದರೆ ಊಟ ಬಿಟ್ಟು ಏಳುತ್ತಿದ್ದರು. ಹೀಗೆ ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ ನಮ್ಮ ಗಚ್ಚಿಗೆ ಮರಳಿ ಬಂದರು.

ಚಳಿಯ ವಿಷಯದಲ್ಲಿ ಬೆಳಗಾವಿಯವರಿಗೆ ಸ್ವಲ್ಪ ಗರ್ವವಿದೆ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದ್ದೇವೆ, ಪಶ್ಚಿಮಕ್ಕೆ ಹೊರಟರೆ ಸಹ್ಯಾದ್ರಿ. ಚಳಿಗಾಲದ ಅಧಿವೇಶನಕ್ಕೆಂದು ಸುವರ್ಣ ವಿಧಾನಸೌಧಕ್ಕೆ ಬರುವ ಬೆಂಗಳೂರಿನವರು ಸ್ವೆಟರ್ ತಂದರೆ ನಮಗೆ ಮರ್ಯಾದೆ ಸಿಕ್ಕಂತಾಗುತ್ತದೆ. ಆದರೆ ಈ ಗರ್ವ ನಮ್ಮ ಹಿಂದಿನ ಮನೆಯವರ ಮುಂದೆ ನಡೆಯುವುದಿಲ್ಲ. ಅವರು ನಿವೃತ್ತ ಸುಬೇದಾರರು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ನಮ್ಮೂರಿನಲ್ಲೇ ಇರುವುದರಿಂದ ಇಲ್ಲಿ ಓಣಿಗೊಬ್ಬರು ಇಂಥವರು ಸಿಗುತ್ತಾರೆ. ಇವರು ಸಿಯಾಚಿನ್ ಕಂಡು ಬಂದವರು. ಹದಿನಾಲ್ಕು ಡಿಗ್ರಿಗೆ ನಾನು ಕಿವಿಗೆ ಮಫ್ಲರ್ ಸುತ್ತಿಕೊಂಡಿರುವಾಗ ಅವರು ಬನಿಯನ್ನಿನಲ್ಲಿ ಗಿಡಗಳಿಗೆ ನೀರು ಹಾಕುತ್ತಿರುತ್ತಾರೆ. ಹೀಟರನ್ನು ಒಂದು ಸುತ್ತು ನೋಡಿ, "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರು.

ಮೊದಲ ತೊಡಕು ಗ್ಯಾಸಿನದು. ಮನೆಯ 14.2 ಕಿಲೋದ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ ಎಂಬುದು ಸರ್ಕಾರದ ಕಟ್ಟಳೆ. ಅದಕ್ಕಿಂತ ಗಟ್ಟಿಯಾದ ಕಟ್ಟಳೆ ನನ್ನ ಹೆಂಡತಿಯದು. ಆದ್ದರಿಂದ 19 ಕಿಲೋದ ವಾಣಿಜ್ಯ ಸಿಲಿಂಡರಿಗೆ ಅರ್ಜಿ ಹಾಕಲು ಹೋದೆ. ಏಜೆನ್ಸಿಯ ಗುಮಾಸ್ತ ಅರ್ಜಿಯ ಮೇಲೆ ಪೆನ್ನಿಟ್ಟು, "ವ್ಯಾಪಾರದ ಸ್ವರೂಪ?" ಎಂದ. ನಾನು ಪ್ರಾಮಾಣಿಕವಾಗಿ "ಚಳಿ ಕಾಯಿಸುವುದು" ಎಂದೆ. ಅವನು ನನ್ನ ಮುಖ ನೋಡಿದ, ಮಫ್ಲರ್ ನೋಡಿದ, "ಇತರೆ" ಎಂದು ಬರೆದುಕೊಂಡ.

ಸಿಲಿಂಡರ್ ಬಂದಾಗ ಸುಬೇದಾರರು ಅದರ ಕೊರಳಪಟ್ಟಿಯ ಮೇಲಿನ ಅಕ್ಷರ ಓದಿ ಜಾತಕ ಹೇಳಿದರು. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಹೀಗೆ ಡಿ ತನಕ. ಪಕ್ಕದ ಅಂಕಿ ಇಸವಿ. ಅಷ್ಟರೊಳಗೆ ಅದು ಮರುಪರೀಕ್ಷೆಗೆ ಹೋಗಬೇಕು. ನಮ್ಮದಕ್ಕೆ ಇನ್ನೂ ಆಯುಷ್ಯವಿತ್ತು. ಅಡುಗೆಮನೆಯ ರೆಗ್ಯುಲೇಟರನ್ನೇ ಕಿತ್ತು ತಂದು ಹಾಕೋಣವೆಂಬ ನನ್ನ ಸಲಹೆಯನ್ನು ಸ್ಟೌ ರಿಪೇರಿಯ ಹುಡುಗ ತಳ್ಳಿಹಾಕಿ, ಹೀಟರಿಗೆ ತಕ್ಕ ರೆಗ್ಯುಲೇಟರನ್ನೂ ಐಎಸ್‌ಐ ಗುರುತಿನ ಹೊಸ ಪೈಪನ್ನೂ ತಂದು ಹಾಕಿದ. ಹಾಕಿ, ಸೋರುತ್ತದೆಯೋ ಎಂದು ನೋಡಲು ಸಾಬೂನು ನೀರು ಕೇಳಿದ. ನಮ್ಮ ಕಾಲದಲ್ಲಿ ಇಂಥದ್ದಕ್ಕೆಲ್ಲ ಕಡ್ಡಿ ಗೀರಿ ನೋಡುತ್ತಿದ್ದೆವು ಎಂದು ನಾನು ಜೇಬಿಗೆ ಕೈಹಾಕಿದ್ದೇ ತಡ, ಹೆಂಡತಿ ಬೆಂಕಿಪೆಟ್ಟಿಗೆ ಕಸಿದುಕೊಂಡು, ಅದರ ಬದಲು ನನ್ನ ಕ್ಷೌರದ ಬ್ರಷ್ಷನ್ನು ಅವನ ಕೈಗಿತ್ತಳು. ಅವನು ಪೈಪಿಗೂ ಕೀಲುಗಳಿಗೂ ಧಾರಾಳವಾಗಿ ನೊರೆ ಬಳಿದ. ನನ್ನ ಮದುವೆಯ ದಿನವೂ ನನ್ನ ಗಲ್ಲಕ್ಕೆ ಅಷ್ಟು ನೊರೆ ಬಿದ್ದಿರಲಿಲ್ಲ. ರೆಗ್ಯುಲೇಟರಿನ ಬಾಯಲ್ಲಿ ಒಂದು ಗುಳ್ಳೆ ಎದ್ದಿತು, ಉಬ್ಬಿತು, ಒಡೆಯಿತು, ಮತ್ತೊಂದು ಎದ್ದಿತು. ಒಳಗಿನ ರಬ್ಬರ್ ಬಳೆ ಹರಿದಿತ್ತಂತೆ. ಬದಲಾಯಿಸಿದ ಮೇಲೆ ಗುಳ್ಳೆ ನಿಂತಿತು. ಬ್ರಷ್ ಮಾತ್ರ ನನಗೆ ಮರಳಿ ಬರಲಿಲ್ಲ, ಈಗಲೂ ಅತ್ಯಾನ ಡಬ್ಬಿಯಲ್ಲೇ ಇದೆ.

ಉರಿಸುವುದು ಇನ್ನೊಂದು ಕಥೆ. ಗುಂಡಿ ಒತ್ತಿ ಹಿಡಿದು ಕಿಡಿ ಹಚ್ಚಬೇಕು. ಒಂದು ಪುಟ್ಟ ಜ್ವಾಲೆ ಹೊತ್ತಿಕೊಂಡ ಮೇಲೂ ಸುಮಾರು ಮೂವತ್ತು ಸೆಕೆಂಡು ಒತ್ತಿಯೇ ಇರಬೇಕು. ಅಲ್ಲಿರುವ ಒಂದು ಲೋಹದ ಕಡ್ಡಿ ಬಿಸಿಯಾಗಿ, ನಿಜವಾಗಿಯೂ ಬೆಂಕಿ ಇದೆಯೆಂದು ಮನವರಿಕೆಯಾದರೆ ಮಾತ್ರ ಅತ್ಯಾ ಗ್ಯಾಸ್ ಬಿಡುತ್ತಾರೆ. ನಾನು ಮೂವತ್ತು ಎಣಿಸಿ ಬಿಟ್ಟೆ. ಆರಿತು. ಮತ್ತೆ ಹಚ್ಚಲು ಹೋದರೆ ಹೆಂಡತಿ, "ಐದು ನಿಮಿಷ ಬಿಡಿ, ಹೊರಬಿದ್ದ ಗ್ಯಾಸ್ ಹೋಗಲಿ, ಪುಸ್ತಿಕೆಯಲ್ಲಿದೆ" ಎಂದಳು. ಐದು ನಿಮಿಷ ನಿಂತೆ. ಹಚ್ಚಿದೆ, ಎಣಿಸಿದೆ, ಬಿಟ್ಟೆ, ಆರಿತು. ನಾಲ್ಕನೆಯ ಸಲ ಫೋನೆತ್ತಿ ಅಳಿಯನಿಗೆ ಕೆಟ್ಟ ಮಾಲು ಕಳಿಸಿದ್ದೀ ಎಂದು ಬೈಯುತ್ತಿರುವಾಗ ಹೆಂಡತಿ ಗಡಿಯಾರ ನೋಡುತ್ತಾ ಗುಂಡಿ ಒತ್ತಿದಳು. ಅದು ಬುಸ್ಸೆಂದು ಹೊತ್ತಿಕೊಂಡು ಬುರುಡೆ ಕೆಂಪಗಾಯಿತು. ನನ್ನ ಮೂವತ್ತು ಎಂದರೆ ಅವಳ ಗಡಿಯಾರದಲ್ಲಿ ಹನ್ನೊಂದು ಸೆಕೆಂಡಂತೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ಕೈ, ಏನು ಮಾಡಲಿ.

ಮರುದಿನ ಇನ್ನೊಂದು ಜಗಳ. ಮೆಟ್ಟಿಲ ಬದಿಯಲ್ಲಿ ಗಾಳಿ ಕಡಿಮೆಯೆಂದು ಅಲ್ಲಿಗೆ ಸರಿಸಿ, ಚಕ್ರ ಉರುಳದಿರಲೆಂದು ಒಂದು ಬದಿಗೆ ಇಟ್ಟಿಗೆ ಕೊಟ್ಟೆ. ಹೊತ್ತಿಕೊಳ್ಳಲೇ ಇಲ್ಲ. ಮತ್ತೆ ಅಳಿಯನಿಗೆ ಬೈಗುಳ. "ಮಾಮಾ, ನೆಟ್ಟಗೆ ನಿಂತಿದೆಯೇ?" ಎಂದು ಅವನು ಕೇಳಿದ. ವಾಲಿದರೆ ಗ್ಯಾಸ್ ಕಡಿಯುವ ಒಂದು ವ್ಯವಸ್ಥೆ ಒಳಗಿದೆ. ಇಟ್ಟಿಗೆ ತೆಗೆದೆ. ತಾಟು ಸರಿಯಾಯಿತು, ಅತ್ಯಾ ಊಟಕ್ಕೆ ಕೂತರು.

ಇಷ್ಟೆಲ್ಲ ಸಿದ್ಧತೆ ಸಂಕ್ರಾಂತಿಗಾಗಿ. ಆ ಸಂಜೆ ಕುಸುರೆಳ್ಳು ಹಂಚಲು ಬರುವವರನ್ನೆಲ್ಲ ಗಚ್ಚಿಯ ಮೇಲೆ ಕೂರಿಸಿ, ಕುಂದಾ ಕೊಟ್ಟು, ಬೆಳಗಾವಿಯ ಚಳಿಯನ್ನು ಸೋಲಿಸಿ ತೋರಿಸುವುದು ನನ್ನ ಯೋಜನೆ. ಇಬ್ಬನಿ ಬೀಳದಿರಲೆಂದು ಶಾಮಿಯಾನ ಕಟ್ಟಿಸಿದ್ದೆ. ಮೇಲೆ ಒಂದು ಮೀಟರ್ ಜಾಗ ಎಂಬ ಮಾತು ನೆನಪಾದದ್ದು ಅದೆಲ್ಲ ಕಟ್ಟಿ ಮುಗಿದ ಮೇಲೆ. ಶಾಮಿಯಾನದವನು ಗೊಣಗುತ್ತಾ ನಡುವಿನ ಬಟ್ಟೆಯನ್ನೆಲ್ಲ ಬಿಚ್ಚಿದ. ಇಬ್ಬನಿ ಸರಿಯಾಗಿ ಆ ಕಿಂಡಿಯ ಮೂಲಕವೇ ಇಳಿಯಿತು. ಅತಿಥಿಗಳಿಗೆ ಎರಡೇ ಆಯ್ಕೆ: ಬಟ್ಟೆಯ ಕೆಳಗೆ ಕೂತು ನಡುಗುವುದು, ಇಲ್ಲವೇ ಹೀಟರಿನ ಬಳಿ ಕೂತು ತೋಯುವುದು.

ಹತ್ತಿರ ಬಂದವರಿಗೆ ಮತ್ತೊಂದು ಸಂಕಟ. ಈ ಯಂತ್ರ ಗಾಳಿಯನ್ನು ಕಾಯಿಸುವುದಿಲ್ಲ, ಬಿಸಿಲಿನಂತೆ ಎದುರಿಗಿದ್ದವರ ಮೈಯನ್ನೇ ಕಾಯಿಸುತ್ತದೆ. ಎದೆಗೆ ಮೇ ತಿಂಗಳು, ಬೆನ್ನಿಗೆ ಜನವರಿ. ಐದು ನಿಮಿಷಕ್ಕೊಮ್ಮೆ ಎಲ್ಲರೂ ಕುರ್ಚಿ ತಿರುಗಿಸಿ ಇನ್ನೊಂದು ಮಗ್ಗುಲು ಕೊಡತೊಡಗಿದರು. ಹೆಂಚಿನ ಮೇಲಿನ ಜೋಳದ ರೊಟ್ಟಿಗಳು ತಾವಾಗಿಯೇ ಮಗುಚಿಕೊಳ್ಳುತ್ತಿರುವಂತೆ ಕಂಡಿತು. ಹೆಂಗಸರು ಸೆರಗು ಬಿಗಿದುಕೊಂಡು ಮಾರು ದೂರದಲ್ಲೇ ನಿಂತರು. ಮಡಿ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಎಂಟರ ಹೊತ್ತಿಗೆ ಗಾಳಿ ಎದ್ದಿತು. ಜ್ವಾಲೆ ಅಡ್ಡಡ್ಡ ಹಾರಿತು. "ಮೆಟ್ಟಿಲ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳೋಣ, ಬೆಚ್ಚಗಿರುತ್ತದೆ" ಎಂದು ಯಾರೋ ಹೇಳಿದರು. ನಾಲ್ಕು ಜನ ಎದ್ದೂ ಬಿಟ್ಟರು, ಅವರಲ್ಲಿ ನಾನೇ ಮುಂದೆ. ಅಷ್ಟು ಹೊತ್ತು ಮೂಲೆಯಲ್ಲಿ ಬನಿಯನ್ನಿನ ಮೇಲೊಂದು ಅಂಗಿ ಹಾಕಿ ಕೂತಿದ್ದ ಸುಬೇದಾರರು ಒಂದೇ ಶಬ್ದ ಹೇಳಿದರು: "ಆರಿಸಿ." ಕವಾಯತು ಮೈದಾನದ ದನಿ. ಹೆಂಡತಿ ಗುಂಡಿ ತಿರುಗಿಸಿದಳು, ಆಮೇಲೆ ಸಿಲಿಂಡರಿನದೂ. ಬೆಟ್ಟದ ಮೇಲೆ ಅವರು ಬುಖಾರಿ ಎಂಬ ಸೀಮೆಎಣ್ಣೆ ಒಲೆಯನ್ನು ಟೆಂಟಿನೊಳಗೆ ಉರಿಸುತ್ತಿದ್ದರಂತೆ. ಎಷ್ಟೇ ಚಳಿಯಿದ್ದರೂ ಗಾಳಿಗೆ ದಾರಿ ಇಲ್ಲದೆ ಅದನ್ನು ಹಚ್ಚುವಂತಿರಲಿಲ್ಲ. "ಮುಚ್ಚಿದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗುತ್ತದೆ, ನಿದ್ದೆ ಬರುತ್ತದೆ, ಸುಖವಾದ ನಿದ್ದೆ ಅನ್ನಿಸುತ್ತದೆ." ಅಷ್ಟು ಹೇಳಿ ಕುಂದಾ ತಿನ್ನತೊಡಗಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ ಎಂದು ಕೂಡಿದ ಸಭೆಯಲ್ಲಿ ಅಂದಿನ ಒಳ್ಳೆಯ ಮಾತು ಅದೊಂದೇ ಇರಬೇಕು.

ಗಾಳಿ ನಿಂತ ಮೇಲೆ ಮತ್ತೆ ಹಚ್ಚಿದೆವು. ಒಂದೂವರೆ ಗಂಟೆಯಲ್ಲಿ ಜ್ವಾಲೆ ಕುಗ್ಗುತ್ತಾ ಬಂತು. ಏಜೆನ್ಸಿಯವರು ಅರ್ಧ ತುಂಬಿಸಿ ಮೋಸ ಮಾಡಿದ್ದಾರೆಂದು ನಾನು ಸಾರಿದೆ. ಪೂರ್ತಿ ಉರಿಸಿದರೆ ಇದು ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ನುಂಗುತ್ತದೆ, ಅಂದರೆ ಹತ್ತೊಂಬತ್ತು ಗಂಟೆಯಷ್ಟಾದರೂ ಬರಬೇಕು. ಹೀಟರ್ ಆರಿಸಿ ಡಬ್ಬಿ ತೆರೆದು ನೋಡಿದೆವು. ಸಿಲಿಂಡರ್ ಬೆವರಿತ್ತು, ತಳದ ಸುತ್ತ ತೆಳ್ಳಗೆ ಮಂಜು ಕಟ್ಟಿತ್ತು. ಇಡೀ ಗಚ್ಚಿಯಲ್ಲಿ ಎಲ್ಲರಿಗಿಂತ ಹೆಚ್ಚು ಚಳಿ ಹಿಡಿದದ್ದು ನಮ್ಮನ್ನು ಕಾಯಿಸುತ್ತಿದ್ದವನಿಗೇ. ಒಳಗಿನ ದ್ರವ ಆವಿಯಾಗಲು ಶಾಖ ಬೇಕು. ಅದನ್ನು ಅದು ತನ್ನ ಉಕ್ಕಿನ ಮೈಯಿಂದಲೇ ಕಿತ್ತುಕೊಳ್ಳುತ್ತದೆ. ಬೇಗ ಬೇಗ ಗ್ಯಾಸ್ ಎಳೆದರೆ ಮೈ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಇದನ್ನು ಅಳಿಯ ಫೋನಿನಲ್ಲಿ ವಿವರಿಸುತ್ತಿರುವಾಗಲೇ, ಸಾಹಿತ್ಯ ಸಭೆಗಳ ಅನುಭವಸ್ಥರಾದ ನಮ್ಮ ಗೆಳೆಯರೊಬ್ಬರು ಮರುಕ ತಾಳಲಾರದೆ ತಮ್ಮ ಹೆಗಲ ಮೇಲಿನ ಶಾಲು ತೆಗೆದು ಸಿಲಿಂಡರಿಗೆ ಹೊದಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ಫಲ ತಾಂಬೂಲ, ಹಾರ ಎರಡೇ ಕಡಿಮೆ.

"ಶಾಲು ತೆಗೆಯಿರಿ ಮಾಮಾ!" ಎಂದು ಅಳಿಯ ಆ ಕಡೆಯಿಂದ ಕೂಗಿದ. ಹೊದಿಸಿದರೆ ಹೊರಗಿನ ಗಾಳಿಯ ಶಾಖವೂ ಅದಕ್ಕೆ ಸಿಗುವುದಿಲ್ಲ. ಜೊತೆಗೆ ಬೆಂಕಿಯ ಬುಡದಲ್ಲಿ ಉಣ್ಣೆ ಬಟ್ಟೆ ಇಟ್ಟಂತಾಗುತ್ತದೆ. ಬಿಸಿನೀರು ಸುರಿಯೋಣವೆಂದವರನ್ನೂ ತಡೆದೆವು. ಮಾಡಬೇಕಾದದ್ದು ಸುಮ್ಮನೆ ಬಿಡುವುದು, ಮತ್ತೆ ಹಚ್ಚುವಾಗ ಉರಿ ಸಣ್ಣದಿಡುವುದು. ನಾವು ಸುಮ್ಮನೆ ಬಿಟ್ಟೆವು. ಅತಿಥಿಗಳೂ ನಮ್ಮನ್ನು ಸುಮ್ಮನೆ ಬಿಟ್ಟು ಮನೆಗೆ ಹೋದರು.

ಎಲ್ಲ ಮುಗಿದ ಮೇಲೆ ಇಬ್ಬನಿಗೆ ತುಕ್ಕು ಹಿಡಿಯಬಾರದೆಂಬ ಕಾಳಜಿಯಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿದೆ. ಛತ್ರಿ ಇನ್ನೂ ಆರಿರಲಿಲ್ಲ. ಬೆಳಿಗ್ಗೆ ನೋಡಿದರೆ ಹೊದಿಕೆ ಸುಟ್ಟ ಹಪ್ಪಳದಂತೆ ಮುದುಡಿ ಅದರ ತಲೆಗೆ ಅಂಟಿತ್ತು. ಕೆರೆಯಲು ಒಂದು ವಾರ ಹಿಡಿಯಿತು.

ಮಳೆಗಾಲ ಕಳೆಯಿತು. ನಮ್ಮೂರಿನ ಮಳೆ ಗೊತ್ತಲ್ಲ, ಜೂನಿನಲ್ಲಿ ಒಗೆದ ಬಟ್ಟೆ ಸೆಪ್ಟೆಂಬರಿನಲ್ಲಿ ಒಣಗುತ್ತದೆ. ನವೆಂಬರಿನಲ್ಲಿ ಅತ್ಯಾನನ್ನು ಹೊರಗೆಳೆದು, ಗಡಿಯಾರ ಹಿಡಿದುಕೊಂಡೇ ಗುಂಡಿ ಒತ್ತಿದೆ. ಕಿಡಿ ಬರುತ್ತದೆ, ಜ್ವಾಲೆ ಬರುವುದಿಲ್ಲ. ಈ ಸಲ ಅಳಿಯನಿಗೆ ಬೈಯಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ರಿಪೇರಿಯ ಹುಡುಗ ಬಿಚ್ಚಿ ನೋಡಿ ನಕ್ಕ. ಗ್ಯಾಸ್ ಬರುವ ಸಣ್ಣ ತೂತಿನ ಬಾಯಿಗೆ ಜೇಡ ಬಲೆ ನೇಯ್ದಿತ್ತು. ಬರ್ನರಿನ ಕೊಳವೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಸೂಜಿ ಚುಚ್ಚೋಣವೆಂದೆ. ಚುಚ್ಚಿದರೆ ತೂತು ದೊಡ್ಡದಾಗಿ ಉರಿ ಕೆಡುತ್ತದೆಂದು ಹೇಳಿ ಅವನು ಗಾಳಿ ಊದಿ ಶುಚಿ ಮಾಡಿದ. ಕ್ಷೌರದ ಬ್ರಷ್ ಮತ್ತೆ ಹೊರಬಂತು, ಪೈಪು ಮತ್ತೊಮ್ಮೆ ಮುಖ ತೊಳೆಸಿಕೊಂಡಿತು.

ಅವನು ಬಳಿಯುತ್ತಿರುವಾಗಲೇ ನನ್ನ ಮೊಬೈಲ್ ರಿಂಗಾಯಿತು. ನನ್ನ ಕೈಯೆಲ್ಲ ನೊರೆ, ಹೆಂಡತಿ ಎತ್ತಿಕೊಂಡಳು. ಆ ಕಡೆ ಗ್ಯಾಸ್ ಏಜೆನ್ಸಿಯ ಅದೇ ಗುಮಾಸ್ತ. ವಾಣಿಜ್ಯ ಸಂಪರ್ಕ ಪಡೆದು ವರ್ಷವಾಗುತ್ತಾ ಬಂದರೂ ಎರಡನೆಯ ಸಿಲಿಂಡರಿಗೆ ಬೇಡಿಕೆಯೇ ಇಲ್ಲ, ಸಾಹೇಬರ ವ್ಯಾಪಾರ ನಡೆಯುತ್ತಿಲ್ಲವೇ ಎಂದು ಕೇಳುತ್ತಿದ್ದ.

"ಗಿರಾಕಿಗಳು ಬಂದಿದ್ದರು," ಎಂದಳು ಹೆಂಡತಿ, "ಒಂದು ಮಗ್ಗುಲು ಬೆಂದ ಮೇಲೆ ಎದ್ದು ಹೋದರು."