ಅರವತ್ತೆಂಟು ಪರ್ಸೆಂಟ್

ಹಾಯಿದೋಣಿ ಅಂದ ಕೂಡಲೇ ಊರಿನ ಕಡೆಯವರೆಲ್ಲ ಗಾಳಿ, ಅಲೆ, ಸೂರ್ಯಾಸ್ತ ಅಂತ ಕಣ್ಣರಳಿಸುತ್ತಾರೆ. ದೋಣಿ ಓಡೋದು ಗಾಳಿಯಿಂದಲೇ, ಸರಿ. ಆದರೆ ಅದರೊಳಗಿನ ಸಂಸಾರ ನಡೆಯೋದು ಬ್ಯಾಟರಿಯಿಂದ. ಫ್ರಿಜ್ಜು, ದೀಪ, ನಲ್ಲಿಯ ಪಂಪು, ರೇಡಿಯೋ, ಫೋನ್ ಚಾರ್ಜು, ಎಲ್ಲದಕ್ಕೂ ಸೀಟಿನ ಕೆಳಗೆ ಕೂತಿರುವ 12 ವೋಲ್ಟೇ ಗತಿ.

ನಮ್ಮದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ಅಲಮೀಡಾದಲ್ಲಿ ಕಟ್ಟಿಹಾಕಿರುವ 30 ಅಡಿಯ ಹಳೇ ಬೋಟು. ನಮ್ಮದು ಅಂದರೆ ನಮ್ಮ ಯಜಮಾನರೂ ಅವರ ಆಫೀಸಿನವರೂ ಸೇರಿ ಕೊಂಡಿದ್ದು. ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡಲು ಅದರಲ್ಲಿ ಇದ್ದದ್ದು ಮುಳ್ಳಿನ ವೋಲ್ಟ್ ಮೀಟರು. ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದಾಗ ಸುಮಾರು 12.7, ಅರ್ಧ ಖಾಲಿಯಾದಾಗ 12.2. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಬ್ಯಾಟರಿಯ ಆಯಸ್ಸು ಹೋಯಿತು ಅಂತಲೇ. ಅಂದರೆ ನಮ್ಮ ಬಾಳುವೆಯೆಲ್ಲ ಅರ್ಧ ವೋಲ್ಟಿನೊಳಗೆ ನಡೀಬೇಕು. ಆ ಮೀಟರಿನ ಮುಳ್ಳೇ ಅರ್ಧ ವೋಲ್ಟಿನಷ್ಟು ದಪ್ಪ ಇತ್ತು.

ಯಜಮಾನರಿಗೆ ಪರ್ಸೆಂಟ್ ಬೇಕಿತ್ತು. ಫೋನಿನಲ್ಲಿ ಕಾಣುವ ಹಾಗೆ. ಬ್ಯಾಟರಿ ಮಾನಿಟರ್ ಬಂತು.

ಅದರ ಮುಖ್ಯ ಭಾಗಕ್ಕೆ ಶಂಟ್ ಅಂತಾರೆ. ಅಂಗೈ ಅಗಲದ ವಸ್ತು, ಎರಡು ತುದಿಗೂ ದಪ್ಪ ಬೋಲ್ಟು. 500 ಆಂಪಿಯರ್ ಹರಿದರೆ ಅದರ ಎರಡು ತುದಿಯ ನಡುವೆ ಕಾಣೋ ವ್ಯತ್ಯಾಸ 50 ಮಿಲಿವೋಲ್ಟ್. ಆ ಚೂರನ್ನು ಅಳೆದು, ಹೋಗಿದ್ದನ್ನು ಕಳೆದು ಬಂದಿದ್ದನ್ನು ಕೂಡಿಸುತ್ತಾ ಇರುತ್ತದೆ. ಗೇಟಿನಲ್ಲಿ ಪುಸ್ತಕ ಇಟ್ಟುಕೊಂಡು ಕೂತ ವಾಚ್‌ಮನ್ ಇದ್ದ ಹಾಗೆ. ಆದ್ದರಿಂದ ಬ್ಯಾಟರಿಯ ಮೈನಸ್ಸಿಗೆ ಶಂಟಿನಿಂದ ಹೋಗೋ ಕೇಬಲ್ ಒಂದೇ ಇರಬೇಕು. ಮಿಕ್ಕ ಮೈನಸ್ ವೈರುಗಳೆಲ್ಲ ಶಂಟಿನ ಆಚೆ ತುದಿಗೆ. ಕಾಗದದ ಮೇಲೆ ಇದು ಹತ್ತು ನಿಮಿಷದ ಕೆಲಸ.

ಬ್ಯಾಟರಿ ಇರುವ ಗೂಡಿಗೆ ಯಜಮಾನರ ಭುಜ ಹಿಡಿಸಲಿಲ್ಲ. ನಾನು ಇಳಿದೆ. ಪಾನಾ ಆಗಲಿ ಬಳೆ ಆಗಲಿ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಾಗಿದರೆ ವೆಲ್ಡಿಂಗ್ ಶಾಪು ಶುರುವಾಗುತ್ತದೆ. ಬಳೆ, ಉಂಗುರ ಬಿಚ್ಚಿಟ್ಟೆ. ತಿಪಟೂರಿನಿಂದ ಬಂದಿದ್ದ ಅತ್ತೆ ಮೇಲಿನಿಂದ ಬಗ್ಗಿ ನೋಡಿ, "ಕರಿಮಣಿ ತೆಗೀಬೇಡ ಕಣಮ್ಮ" ಅಂದರು. ತಾಳಿಗೆ ಕಪ್ಪು ಇನ್ಸುಲೇಶನ್ ಟೇಪು ಸುತ್ತಿ, ಟೀ ಶರ್ಟಿನೊಳಗೆ ಇಳಿಬಿಟ್ಟುಕೊಂಡೆ. ಶಾಸ್ತ್ರಕ್ಕೂ ಸೇಫ್ಟಿಗೂ ರಾಜಿ ಆಯಿತು.

ಒಳಗೆ ನೋಡಿದರೆ ಹಳೇ ಮಾಲೀಕರ ಇಪ್ಪತ್ತು ವರ್ಷದ ಕಲಾಕೃತಿ. ಊರಲ್ಲಿ ಕಪ್ಪು ವೈರು ಅಂದರೆ ನ್ಯೂಟ್ರಲ್. ಅಮೆರಿಕದ ಮನೆಗಳಲ್ಲಿ ಅದೇ ಕಪ್ಪು ಶಾಕ್ ಹೊಡೆಯುವ ವೈರು. ಗೊಂದಲ ಬೇಡ ಅಂತ ಇಲ್ಲಿನ ಬೋಟುಗಳಲ್ಲಿ ಮೈನಸ್ಸಿಗೆ ಹಳದಿ ಹಾಕಿ ಅಂತಾರೆ. ನಮ್ಮ ಪುಣ್ಯಾತ್ಮರು ಕೈಗೆ ಸಿಕ್ಕ ಬಣ್ಣ ಹಾಕಿದ್ದರು. ಒಂದು ಕಡೆ ಸ್ಪೀಕರ್ ವೈರು ಕೂಡ. ಉಪ್ಪುಗಾಳಿಗೆ ತಾಮ್ರವೆಲ್ಲ ಹಸಿರು ಹಿಡಿದು, ನಟ್ಟಿನ ಮೇಲೆ ಬಿಳಿ ಪುಡಿ ಕೂತಿತ್ತು.

ಒಂದೊಂದೇ ಮೈನಸ್ ಬಿಚ್ಚಿ ಶಂಟಿಗೆ ಹಾಕಿದೆ. ಕೊನೆಗೆ ಬ್ಯಾಟರಿಯ ನಟ್ಟಿನಡಿ ಒಂದು ಸಣ್ಣ ಕಂದು ವೈರು ಉಳಿಯಿತು. "ರೀ, ಇದೇನಿದು?" ಅಂದೆ. "ಏನೋ ಸೆನ್ಸರ್ ಇರಬೇಕು, ಬಿಡು" ಅಂದರು.

ಆಮೇಲೆ ಸೆಟ್ಟಿಂಗು. ಅದರಲ್ಲಿ ಪ್ಯುಕರ್ಟ್ ಅಂತ ಒಂದು ಅಂಕಿ ಕೇಳುತ್ತದೆ. ಬ್ಯಾಟರಿಯಿಂದ ಅವಸರದಲ್ಲಿ ಜಾಸ್ತಿ ಎಳೆದರೆ ಅದು ಒಟ್ಟಾರೆ ಕೊಡೋದು ಕಡಿಮೆ ಅಂತ 1897ರಲ್ಲೇ ಜರ್ಮನಿಯ ಪ್ಯುಕರ್ಟ್ ಲೆಕ್ಕ ಹಾಕಿಟ್ಟಿದ್ದ. ನಮ್ಮ ಬ್ಯಾಟರಿಯ 225 ಆಂಪಿಯರ್-ಅವರ್ (ಎಷ್ಟು ಆಂಪಿಯರ್ ಎಷ್ಟು ಗಂಟೆ ಕೊಡುತ್ತೆ ಅನ್ನೋ ಲೆಕ್ಕ) ಅನ್ನೋದೂ 20 ಗಂಟೆ ನಿಧಾನಕ್ಕೆ ಎಳೆದರೆ ಮಾತ್ರ. ಯಜಮಾನರು ಇದನ್ನೆಲ್ಲ ಭಕ್ತಿಯಿಂದ ತುಂಬಿಸಿದರು. ಬ್ಲೂಟೂತ್‌ನಲ್ಲಿ ಫೋನಿನ ಪರದೆಗೆ 100 ಬಂತು. ಅತ್ತೆ ಕೈ ಮುಗಿದರು.

ಅಲ್ಲಿಂದ ಶುರುವಾಯಿತು ನೋಡಿ. ಏಂಜಲ್ ಐಲ್ಯಾಂಡಿನ ಆಯಾಲಾ ಕೋವಿನಲ್ಲಿ ಬೋಟು ಕಟ್ಟಿ, ಶುಕ್ರವಾರದಿಂದ ಭಾನುವಾರದವರೆಗೆ ಇರೋಣ ಅಂತ ಹೋದೆವು. ಎದುರಿಗೆ ಗುಡ್ಡ, ಸುತ್ತ ನೀರು. ಇವರ ಕಣ್ಣು ಫೋನಿನ ಮೇಲೆ. "ಫ್ರಿಜ್ ಬಾಗಿಲು ಯಾರು ತೆಗೆದಿದ್ದು? 4.6 ಆಂಪಿಯರ್ ಹೋಗ್ತಾ ಇದೆ." ಹಿಂದೆಲ್ಲ ಬಲ್ಬು ಆರಿಸು ಅಂತ ಮಾವನವರು ಕೂಗುತ್ತಿದ್ದಾಗ ಇದೇ ಮಗ ಗೊಣಗುತ್ತಿದ್ದದ್ದು ಅತ್ತೆಗೆ ಚೆನ್ನಾಗಿ ನೆನಪಿದೆ.

ರಾತ್ರಿ ಮಲಗಿದಾಗ ನೆಲದಡಿಯಿಂದ ಗುಂಯ್ ಅಂತ ಸದ್ದು. ಬಿಡದೆ. "ಫ್ರಿಜ್ಜು ಕಣೇ" ಅಂದರು. ಫ್ರಿಜ್ಜು ನಡುನಡುವೆ ನಿಲ್ಲುತ್ತೆ ಅಲ್ವಾ ಅಂದೆ. ಗೊರಕೆ ಉತ್ತರ ಕೊಟ್ಟಿತು.

ಭಾನುವಾರ ಬೆಳಿಗ್ಗೆ ನಲ್ಲಿ ಕೆಮ್ಮಿ ನಿಂತಿತು. ದೀಪ ಎಣ್ಣೆ ಮುಗಿದಂತೆ ಮಂಕಾಯಿತು. ಪರದೆ ಮಾತ್ರ ಲಕಲಕ ಅಂತ 68 ಪರ್ಸೆಂಟ್ ತೋರಿಸುತ್ತಿತ್ತು. "ಕರೆಂಟ್ ಇದೆ, ಮಾನಿಟರ್ ಹೇಳ್ತಿದೆ" ಅಂತ ಇವರು ಕತ್ತಲಲ್ಲಿ ನಿಂತು ವಾದಿಸಿದರು.

ಸೆನ್ಸರ್ ಅಂದಿದ್ದ ಆ ಕಂದು ವೈರು ದೋಣಿಯ ತಳದ ನೀರು ಹೊರಹಾಕುವ ಪಂಪಿನದು. ತಳದಲ್ಲಿ ನೀರು ಏರಿದರೆ ತೇಲಿ ಮೇಲೆದ್ದು ಪಂಪು ಚಾಲೂ ಮಾಡುವ ಸ್ವಿಚ್ಚಿನಡಿ ಒಂದು ಬಾಟಲಿ ಮುಚ್ಚಳ ಸಿಕ್ಕಿಕೊಂಡಿತ್ತು. ನೀರಿಲ್ಲದಿದ್ದರೂ ಪಂಪು ಹಗಲೂ ರಾತ್ರಿ ಗಂಟೆಗೆ 3 ಆಂಪಿಯರ್-ಅವರ್‌ನಂತೆ ಕುಡಿದಿದೆ. ವಾಚ್‌ಮನ್ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ, ಯಾಕೆಂದರೆ ಕಳ್ಳ ಹಿತ್ತಲಿನಿಂದ ಹೋಗಿದ್ದಾನೆ. ಇಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿ ಬೇರೆಯದು. ಹಾಗಾಗಿ ಮನೆ ಸೇರಿದೆವು.

ಕಂದು ವೈರು ಶಂಟಿಗೆ ಬಂದ ಮೇಲೆ ಅಂಕಿ ಸರಿಯಾಯಿತು. ಸರಿಯಾದ ಅಂಕಿ ಯಜಮಾನರಿಗೆ ಹಿಡಿಸಲಿಲ್ಲ, ಅದು ಬೇರೆ ವಿಷಯ. ಬ್ಲೂಟೂತ್ ಮನೆವರೆಗೆ ಬರಲ್ಲ, ಮನೆಯಲ್ಲೇ ಕೂತು ನೋಡಲು ಇನ್ನೊಂದು ಡಬ್ಬಿ ತರಿಸಬೇಕಂತೆ. ಆ ಡಬ್ಬಿಗೂ ಕರೆಂಟ್ ಇದೇ ಬ್ಯಾಟರಿಯದ್ದು.

ಊಟಕ್ಕೆ ಕೂತಾಗ ಇದನ್ನೆಲ್ಲ ಕೇಳಿಸಿಕೊಂಡ ಅತ್ತೆ, "ಅಲ್ಲಪ್ಪಾ, ನಮ್ಮ ಯುಪಿಎಸ್‌ಗೆ ಹಾಕ್ತೀವಲ್ಲ, ಡಿಸ್ಟಿಲ್ಡ್ ವಾಟರ್ರು, ಅದನ್ನ ಯಾವಾಗ ಹಾಕಿದ್ದು?" ಅಂದರು.

ಯಜಮಾನರು ಸಾರಿನಲ್ಲಿ ಮುಳ್ಳುಸೌತೆ ಹುಡುಕತೊಡಗಿದರು. ಮಾರನೇ ದಿನ ಬ್ಯಾಟರಿಯ ಆರು ಮುಚ್ಚಳವನ್ನೂ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ನಾಲ್ಕರಲ್ಲಿ ಪ್ಲೇಟಿನ ಅಂಚು ನೀರಿನಿಂದ ಮೇಲೆ ಬಂದು ಒಣಗಿತ್ತು.