ತೆಗೆದರೂ ಹೋಗದ ವೆಬ್ ಫಿಲ್ಟರ್

ಸರ್ವರಿನಿಂದ ಫಿಲ್ಟರ್ ತೆಗೆದಾಯಿತು, ಶಿರಸಿಯ ಈ ಆಫೀಸಿನಲ್ಲಿ ಮತ್ತೆ ಅದೇ ಗೋಳು: ಇಂಟರ್ನೆಟ್ಟೇ ಇಲ್ಲ! ಮಳೆ ಹೊಯ್ಯುತ್ತಿದೆಯಲ್ಲ, ಎಲ್ಲರೂ ಲೈನನ್ನೇ ಬೈಯುತ್ತಾರೆ. ಲೈನ್ ಸರಿಯಾಗೇ ಇದೆ ಮಾರಾಯ್ರೆ. ಬ್ರೌಸರುಗಳಲ್ಲಿ ಹಳೇ ಪ್ರಾಕ್ಸಿಯ (ನಡುವೆ ನಿಂತು ಪುಟ ತಂದುಕೊಡುವ ಸರ್ವರಿನ) ವಿಳಾಸ, ಪೋರ್ಟ್ 3128, ಹಾಗೇ ಕೂತಿದೆ. ಆ ಕಡೆ ಕೇಳುವವರೇ ಇಲ್ಲದಿದ್ದರೆ ಪುಟ ಎಲ್ಲಿಂದ ಬರಬೇಕು? ಸರ್ವರಿನಲ್ಲಿ ಸ್ಕ್ವಿಡ್ ಎಂಬ ಆ ಪ್ರಾಕ್ಸಿ ತಂತ್ರಾಂಶ ತೆಗೆದವರು ಪ್ರತಿ ಕಂಪ್ಯೂಟರಿನ ಸೆಟ್ಟಿಂಗ್ ತೆಗೆಯುವುದು ಯಾವಾಗ?

ಹಾಕುವಾಗಲಾದರೂ ಸುಖವೇ? ಸ್ಕ್ವಿಡ್ಡಿನ ಜೊತೆಗೂಡಿ ಸೈಟು ತಡೆಯುವ ಸ್ಕ್ವಿಡ್‌ಗಾರ್ಡಿನ ಬ್ಲಾಕ್‌ಲಿಸ್ಟನ್ನು ರೂಟ್, ಅಂದರೆ ಸರ್ವರಿನ ಸರ್ವಾಧಿಕಾರಿ ಬಳಕೆದಾರನಾಗಿ ಕಂಪೈಲ್ ಮಾಡಿ ಡೇಟಾಬೇಸ್ ಆಗಿಸುತ್ತಾರೆ. ಡೇಟಾಬೇಸ್ ಫೈಲುಗಳು ರೂಟಿನ ಹೆಸರಿಗೇ ಉಳಿಯುತ್ತವೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಸ್ಕ್ವಿಡ್ ಓಡುವುದು 'ಪ್ರಾಕ್ಸಿ' ಎಂಬ ಬಳಕೆದಾರನಾಗಿ. ಅವನಿಗೆ ಆ ಫೈಲು ತೆರೆಯಲು ಬಾರದು. ಆಗ ಸ್ಕ್ವಿಡ್‌ಗಾರ್ಡ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಎಲ್ಲವನ್ನೂ ಬಿಟ್ಟುಬಿಡುತ್ತದೆ. ತಡೆಯಬೇಕಾದದ್ದೇ ಬಾಗಿಲು ತೆರೆದಿಟ್ಟರೆ ಏನು ಹೇಳೋಣ? ಪರದೆಯ ಮೇಲೆ ಒಂದು ಎಚ್ಚರಿಕೆಯೂ ಇಲ್ಲ, ಲಾಗ್ ತೆರೆದವರಿಗೆ ಮಾತ್ರ ಗೊತ್ತು.

ಇನ್ನು ತಂತ್ರಾಂಶ ತೆಗೆಯಲು 'ಆಪ್ಟ್ ರಿಮೂವ್' ಆಜ್ಞೆ ಕೊಟ್ಟು ಕೈತೊಳೆದುಕೊಳ್ಳುವವರು! ಕಾನ್ಫಿಗ್ ಫೈಲ್ ಹೋಗುವುದು 'ಪರ್ಜ್' ಕೊಟ್ಟರೆ ಮಾತ್ರ. ಸ್ಕ್ವಿಡ್‌ಗಾರ್ಡನ್ನಷ್ಟೇ ಕಿತ್ತು, ಸ್ಕ್ವಿಡ್ಡಿನ ಕಾನ್ಫಿಗ್‌ನಲ್ಲಿ ಅದನ್ನು ಕರೆಯುವ ಸಾಲು ಬಿಟ್ಟರಂತೂ ಸ್ಕ್ವಿಡ್ ಏಳುವುದೇ ಇಲ್ಲ. ಐಪಿಟೇಬಲ್ಸ್ ಎಂಬ ಫೈರ್‌ವಾಲ್‌ನಲ್ಲಿ ಬರೆದ, ವೆಬ್ ಸಂಚಾರವನ್ನು ಸ್ಕ್ವಿಡ್ಡಿನತ್ತ ತಿರುಗಿಸುವ ರೀಡೈರೆಕ್ಟ್ ರೂಲನ್ನು ಯಾವ ಪ್ಯಾಕೇಜೂ ಅಳಿಸುವುದಿಲ್ಲ. ಬರೆದವರೇ ಅಳಿಸಬೇಕು, ಅವರೋ ಫೋನೇ ಎತ್ತುವುದಿಲ್ಲ!